ಅತ್ತೆಯ ಹೂವಿನ ಗಾಡಿ ಮೇಲಿನ ಮಾತಾಡೋ ಡಬ್ಬಿ: ಬಳಸಿದ್ಮೇಲೆ ಬರೀತಿರೋ ರಿವ್ಯೂ

ಅರಸೀಕೆರೆಲಿ ನಮ್ಮ ಸೋದರತ್ತೆದು ಒಂದು ಹೂವು ಹಣ್ಣು ಕಾಯಿ ಅಂಗಡಿ ಇದೆ. ಅಂಗಡಿ ಅಂದ್ರೆ ದೊಡ್ಡದಾಗಿ ಕಲ್ಪಿಸ್ಕೋಬೇಡಿ, ತಳ್ಳೋ ಗಾಡಿ, ಮೇಲೊಂದು ನೀಲಿ ಟಾರ್ಪಾಲು, ಪಕ್ಕದಲ್ಲಿ ಮೂರು ಕಾಲಿನ ಸ್ಟೂಲು (ನಾಲ್ಕನೇದು ಮುರಿದಿದೆ, ಇಟ್ಟಿಗೆ ಇಟ್ಟಿದಾರೆ). 2025ರ ಸಂಕ್ರಾಂತಿ ಕಳೆದ್ಮೇಲೆ ಆ ಗಾಡಿಗೆ ಒಂದು ಸೌಂಡ್‌ಬಾಕ್ಸ್ ಬಂತು, ಅದೇ ಸ್ಕ್ಯಾನ್ ಮಾಡಿ ದುಡ್ಡು ಹಾಕಿದ ತಕ್ಷಣ ಇಷ್ಟು ರೂಪಾಯಿ ಅಂತ ಕೂಗತ್ತಲ್ಲ ಆ ಡಬ್ಬಿ. ಯಾವ ಕಂಪನಿದು ಅಂತ ಬರೆಯಲ್ಲ, ಮುಂದೆ ಬೈಯೋದೂ ಇದೆ, ಜೊತೆಗೆ ಪಕ್ಕದ್ ಗಾಡಿಯವ್ರದ್ದು ಬೇರೆ ಕಂಪನಿದು, ಅವ್ರ ಕಷ್ಟ ಕೇಳಿದ್ರೆ ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ.

ನಾನು ಬೆಂಗ್ಳೂರಲ್ಲಿ ಒಂದು ಆಪ್ ಕಂಪನಿಲಿ ಡಿಸೈನರ್. ನಮ್ಮಲ್ಲಿ ವರ್ಷಕ್ಕೆ ಎರಡ್ ಸಲ ಡಿಸೈನ್ ಥಿಂಕಿಂಗ್ ವರ್ಕ್‌ಶಾಪ್ (ಬಳಸೋರ ಕಷ್ಟ ಏನು ಅಂತ ತಿಳ್ಕೊಂಡು ಅದಕ್ಕೆ ತಕ್ಕ ಹಾಗೆ ವಸ್ತು ಮಾಡೋ ವಿಧಾನ) ಅಂತ ಒಂದು ಹಬ್ಬ ನಡೆಯತ್ತೆ. ಎಸಿ ರೂಮು, ಗಾಜಿನ ಗೋಡೆ, ಗೋಡೆ ತುಂಬ ಹಳದಿ ಗುಲಾಬಿ ಚೀಟಿ, ಮಧ್ಯಾಹ್ನಕ್ಕೆ ಬಿರಿಯಾನಿ. ಹೋದ್ ಸಲದ ವಿಷಯ "ಸಣ್ಣ ವ್ಯಾಪಾರಿಗಳಿಗೆ ಡಿಜಿಟಲ್ ಪ್ರಾಡಕ್ಟ್" ಅಂತಿತ್ತು. ಎರಡು ದಿನ ಚೀಟಿ ಅಂಟಿಸಿದ್ವಿ, ಒಬ್ಬ ಕಾಲ್ಪನಿಕ ಕಿರಾಣಿ ಅಂಗಡಿಯವನನ್ನ ಸೃಷ್ಟಿ ಮಾಡಿ ಅವನಿಗೆ ಹೆಸರಿಟ್ಟು ವಯಸ್ಸು ಕೊಟ್ಟು ಇಬ್ಬರು ಮಕ್ಕಳನ್ನೂ ಕೊಟ್ವಿ, ಆದ್ರೆ ಕೆಳಗಿಳಿದು ಬೀದಿ ತುದಿಯ ನಿಜವಾದ ಕಿರಾಣಿ ಅಂಗಡಿಯವ್ರ ಹತ್ರ ಯಾರೂ ಹೋಗ್ಲಿಲ್ಲ, ಸಿಗರೇಟಿಗೆ ಹೋದವ್ರನ್ನ ಬಿಟ್ಟು. ಅದಾದ ವಾರಕ್ಕೆ ಊರಿಗೆ ಹೋಗಿ ಹುಣ್ಣಿಮೆ ರಶ್ಶಲ್ಲಿ ಅತ್ತೆ ಗಾಡಿ ಪಕ್ಕ ಅರ್ಧ ದಿನ ಕೂತೆ. ಈ ರಿವ್ಯೂ ಹುಟ್ಟಿದ್ದು ಅಲ್ಲೇ. ಆಮೇಲೆ ಊರಿಗೆ ಹೋದಾಗೆಲ್ಲ ಡಬ್ಬಿ ಯೋಗಕ್ಷೇಮ ವಿಚಾರಿಸ್ತಾನೇ ಇದೀನಿ.

ಮೊದಲು ಒಳ್ಳೇದು ಹೇಳ್ತೀನಿ, ಯಾಕಂದ್ರೆ ಒಳ್ಳೇದು ನಿಜಕ್ಕೂ ಬಹಳ ಇದೆ.

ಹೂವು ಮಾರೋರ ಕೈ ನೋಡಿದೀರಾ? ಯಾವಾಗ್ಲೂ ಒದ್ದೆ. ಮಲ್ಲಿಗೆ ಕನಕಾಂಬರಕ್ಕೆ ನೀರು ಚಿಮುಕಿಸ್ತಾನೇ ಇರ್ಬೇಕು, ಬಾಳೆಎಲೆ ಹರೀಬೇಕು, ಮಾರು ಹಾಕಿ ಅಳೀಬೇಕು, ಮಾರು ಹಾಕೋವಾಗ ಎರಡೂ ಕೈ ಚಾಚಿರತ್ತೆ. ಒದ್ದೆ ಬೆರಳಿಗೆ ಫೋನ್ ಸ್ಕ್ರೀನು ಮರ್ಯಾದೆ ಕೊಡಲ್ಲ, ಎಲ್ಲಿ ಒತ್ತಿದ್ರೂ ಎಲ್ಲೋ ಹೋಗತ್ತೆ. ಡಬ್ಬಿ ಬರೋಕೆ ಮುಂಚೆ ಬರೀ ಕ್ಯೂಆರ್ ಇತ್ತು. ಆಗ ಅತ್ತೆ ಏನ್ ಮಾಡ್ತಿದ್ರು ಅಂದ್ರೆ ಗಿರಾಕಿ ಸ್ಕ್ಯಾನ್ ಮಾಡಿ ಫೋನು ತೋರಿಸಿದ್ರೆ ತಲೆ ಆಡಿಸ್ತಿದ್ರು ಅಷ್ಟೇ. ಓದೋಕೆ ಕನ್ನಡಕ ಬೇಕು, ಕನ್ನಡಕ ಬ್ಯಾಗಲ್ಲಿ, ಬ್ಯಾಗು ಗಾಡಿ ಕೆಳಗೆ. ಬ್ಯಾಂಕಿನ ಎಸ್ಎಂಎಸ್ ಬರೋದು ಇಂಗ್ಲಿಷಲ್ಲಿ, ಅದೂ ಕೆಲವೊಂದ್ ಸಲ ಗಿರಾಕಿ ದೇವಸ್ಥಾನಕ್ಕೆ ಹೋಗಿ ಮಂಗಳಾರತಿ ತಗೊಂಡು ವಾಪಸ್ ಬಂದ್ಮೇಲೆ. ಒಂದಿನ ಒಬ್ಬ ಹುಡ್ಗ 300 ರೂಪಾಯಿ ಹಾರ ತಗೊಂಡು ಹಸಿರು ಟಿಕ್ ಇರೋ ಸ್ಕ್ರೀನ್ ತೋರ್ಸಿ ಹೋದ, ರಾತ್ರಿ ಲೆಕ್ಕ ನೋಡಿದ್ರೆ ದುಡ್ಡೇ ಬಂದಿಲ್ಲ. ಹಳೇ ಸ್ಕ್ರೀನ್‌ಶಾಟೋ, ಪೇಮೆಂಟ್ ಆಗಿರೋ ಹಾಗೆ ತೋರಿಸೋ ನಕಲಿ ಆಪ್‌ಗಳಿವೆಯಲ್ಲ ಅದೋ ಗೊತ್ತಿಲ್ಲ. ಅತ್ತೆ ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರ್ ಮಾಡ್ಕೊಂಡಿದ್ದು ದೇವರ ಹಾರಕ್ಕೆ ಹಿಂಗ್ ಮಾಡಿದ್ನಲ್ಲಾ ಅಂತ.

ಈ ಡಬ್ಬಿ ಯೋಚನೆ ಮಾಡಿದವರಿಗೆ ಅರ್ಥ ಆಗಿರೋದು ಇದೇ ವಿಷಯ. ಯುಪಿಐ 2016ರಲ್ಲಿ ಬಂತು, ಕ್ಯೂಆರ್ ಹಿಂದೇನೇ ಬಂತು, ಆದ್ರೆ ಮಾರೋರಿಗೆ ಅದ್ರಲ್ಲಿ ಇದ್ದಿದ್ದು ಒಂದು ಅಂಟಿಸೋ ಕಾಗದ ಅಷ್ಟೇ, ದುಡ್ಡು ಬಂದಿರೋ ಸಂಗತಿ ತಿಳಿಯೋದು ಮಾತ್ರ ಫೋನಲ್ಲೇ. 2019ರಲ್ಲಿ ಪೇಟಿಎಂ ಸೌಂಡ್‌ಬಾಕ್ಸ್ ತಂತು, ಆಮೇಲೆ ಫೋನ್‌ಪೇ, ಭಾರತ್‌ಪೇ ಅಂತ ಎಲ್ಲರೂ ತಂದ್ರು. ಡಬ್ಬಿಲಿ ಸ್ಕ್ರೀನೇ ಇಲ್ಲ (ಈಗ ಇರೋ ಥರದ್ದೂ ಬಂದಿದೆ, ಅತ್ತೆದು ಹಳೇ ಥರದ್ದು). ಒಳಗಡೆ ಅದರದ್ದೇ ಸಿಮ್ಮು, ಒಂದು ಬ್ಯಾಟರಿ, ಒಂದು ಸ್ಪೀಕರ್ರು. ದುಡ್ಡು ಜಮಾ ಆದ್ರೆ ಕಂಪನಿ ಸರ್ವರಿಂದ ಡಬ್ಬಿಗೆ ನೇರ ಸಂದೇಶ ಬರತ್ತೆ, ಅತ್ತೆ ಫೋನು ಆಫ್ ಆಗಿದ್ರೂ, ಮೊಮ್ಮಗ ತಗೊಂಡೋಗಿ ಗೇಮ್ ಆಡ್ತಿದ್ರೂ ಡಬ್ಬಿ ಪಾಡಿಗೆ ಡಬ್ಬಿ ಕೂಗತ್ತೆ. ಕೈ ಒದ್ದೆ ಇದ್ರೇನು, ಕನ್ನಡಕ ಇಲ್ದಿದ್ರೇನು, ಕಿವಿ ಖಾಲಿ ಇದೆಯಲ್ಲ.

ಇನ್ನೊಂದು ನಾನು ಯೋಚನೆನೇ ಮಾಡದಿದ್ದ ಲಾಭ, ಅತ್ತೆನೇ ಹೇಳಿದ್ದು. ಮುಂಚೆ "ಎಲ್ಲಿ ತೋರ್ಸಿ ನೋಡೋಣ" ಅಂತ ಗಿರಾಕಿ ಫೋನು ಕೇಳೋಕೆ ಅವರಿಗೆ ಸಂಕೋಚ, ವಾರಾವಾರ ಬರೋರ ಮೇಲೆ ಅನುಮಾನ ಪಟ್ಟ ಹಾಗಾಗತ್ತೆ. ಈಗ ಡಬ್ಬಿ ಕೂಗೋವರೆಗೂ ಗಿರಾಕಿನೇ ನಿಂತಿರ್ತಾನೆ, ಕೂಗ್ಲಿಲ್ಲ ಅಂದ್ರೆ ಅವನೇ "ಬರ್ಲಿಲ್ವಾ ಅಮ್ಮಾ?" ಅಂತಾನೆ. ಅನುಮಾನ ಪಡೋ ಕೆಲಸ ಡಬ್ಬಿ ಪಾಲಿಗೆ ಹೋಯ್ತು, ಅತ್ತೆ ಒಳ್ಳೆಯವರಾಗಿ ಉಳ್ಕೊಂಡ್ರು. ನಮ್ಮ ಗಾಜಿನ ಗೋಡೆ ಮೇಲಿದ್ದ ನೂರಾರು ಚೀಟಿಲಿ ಸಂಕೋಚ ಅನ್ನೋ ಪದ ಒಂದರಲ್ಲೂ ಇರ್ಲಿಲ್ಲ ಅಂತ ನಂಗೆ ಚೆನ್ನಾಗ್ ನೆನಪಿದೆ.

ಸರಿ, ಈಗ ಬೈಗುಳ.

ಡಬ್ಬಿ ತಂದುಕೊಟ್ಟ ಹುಡ್ಗ ಅರ್ಜೆಂಟಲ್ಲಿದ್ದ, ಆನ್ ಮಾಡಿ ಒಂದು ರೂಪಾಯಿ ಹಾಕಿ ಕೂಗ್ಸಿ ಹೊರಟ. ಡಬ್ಬಿ ಕೂಗಿದ್ದು ಹಿಂದಿಲಿ. ಅರಸೀಕೆರೆ ಹೂವಿನ ಗಾಡಿ ಮೇಲೆ ಹಿಂದಿ! ಮೂರು ದಿನ ಅತ್ತೆ ಪಚಾಸ್ ಅಂದ್ರೆ ಎಷ್ಟು, ಸಾಠ್ ಅಂದ್ರೆ ಎಷ್ಟು ಅಂತ ಪಕ್ಕದ ಚಪ್ಪಲಿ ಹೊಲಿಯೋರನ್ನ ಕೇಳ್ಕೊಂಡು ವ್ಯಾಪಾರ ಮಾಡಿದಾರೆ. ಕನ್ನಡ ಇರ್ಲಿಲ್ವಾ ಅಂದ್ರೆ ಇತ್ತು, ಆಪ್ ಒಳಗೆ ಸೆಟ್ಟಿಂಗ್ಸ್ ಒಳಗೆ ಡಿವೈಸ್ ಒಳಗೆ ಹೋಗಿ ಬದಲಾಯಿಸ್ಬೇಕಿತ್ತು, ಆ ಆಪ್ ಇಂಗ್ಲಿಷಲ್ಲಿತ್ತು. ಕನ್ನಡ ಬೇಕಾದವರು ಇಂಗ್ಲಿಷ್ ಓದಿ ಕನ್ನಡ ಆರಿಸ್ಕೋಬೇಕು. ಈ ಬುದ್ಧಿವಂತಿಕೆ ಯಾವ ವರ್ಕ್‌ಶಾಪಲ್ಲಿ ಹುಟ್ಟಿತೋ, ನಮ್ಮದ್ರಲ್ಲೇ ಹುಟ್ಟಿದ್ರೂ ಆಶ್ಚರ್ಯ ಇಲ್ಲ. ನಾನು ಬೆಂಗ್ಳೂರಿಂದ ಫೋನಲ್ಲಿ ದಾರಿ ಹೇಳಿ ಹೇಳಿ ಸರಿ ಮಾಡಿಸಿದ್ದು.

ಕನ್ನಡ ಬಂದ್ಮೇಲೆ ಆ ಕನ್ನಡದ ಕಥೆ. ದುಡ್ಡು ಬಂದ್ರೆ ಡಬ್ಬಿ ಮೊದ್ಲು ಒಂದು ಟಿಂಗ್ ಅನ್ನತ್ತೆ, ಆಮೇಲೆ ಕಂಪನಿ ಹೆಸ್ರು, ಆಮೇಲೆ ಮೊತ್ತ, ಆಮೇಲೆ "ಸ್ವೀಕರಿಸಲಾಗಿದೆ". ಸ್ವೀಕರಿಸಲಾಗಿದೆ ಅಂತೆ! ಅರ್ಜಿ ವಿಲೇವಾರಿ ಮಾಡೋ ತಾಲ್ಲೂಕು ಆಫೀಸಿನ ಗುಮಾಸ್ತರನ್ನ ಹಿಡಿದು ಡಬ್ಬಿಲಿ ಕೂರ್ಸಿದ ಹಾಗೆ. ಗಾಡಿ ಹತ್ರ ನಿಂತಿರೋ ಯಾರಾದ್ರೂ ಏನು ಕೇಳ್ತಾರೆ, "ಬಂತಾ?" ಅಂತ ಕೇಳ್ತಾರೆ. ಉತ್ತರ "ಐವತ್ತು ರೂಪಾಯಿ ಬಂತು" ಅಂತ ಇದ್ರೆ ಸಾಕಲ್ವಾ? ಒಂದೊಂದು ಪೇಮೆಂಟಿಗೂ ಎರಡ್ ಸೆಕೆಂಡ್ ಉಳಿಯತ್ತೆ, ಶುಕ್ರವಾರ ಬೆಳಗ್ಗೆ ಆರು ಜನ ಒಟ್ಟಿಗೆ ಸ್ಕ್ಯಾನ್ ಮಾಡಿದಾಗ ಆ ಎರಡ್ ಸೆಕೆಂಡಿನ ಬೆಲೆ ಗೊತ್ತಾಗತ್ತೆ, ಡಬ್ಬಿ ಮೊದಲನೇ ಮೂರು ಜನದ್ದು ಸ್ವೀಕರಿಸ್ತಾ ಇರುವಾಗ ಐದನೇವ್ರು ಬಸ್ಸು ಹತ್ತಿರ್ತಾರೆ. ಒಂದ್ಸಲ ಸಿಗ್ನಲ್ ಹೋದಾಗ "ಸಂಪರ್ಕ ಕಡಿತಗೊಂಡಿದೆ" ಅಂತು. ಅತ್ತೆ ಗಾಬರಿಯಾಗಿ ನಂಗೆ ಫೋನ್ ಮಾಡಿ "ಅದೇನೋ ಕಡ್ದೋಗೈತಂತೆ ಕಣಪ್ಪ, ವೈರೇ ಇಲ್ವಲ್ಲ ಇದಕ್ಕೆ ಕಡ್ದೋಗಕ್ಕೆ" ಅಂದ್ರು.

ಇನ್ನೊಂದು ವಿಷಯಕ್ಕೆ ಬರ್ತೀನಿ, ಇದು ನಂಗೆ ತುಂಬಾ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆಗತ್ತೆ ತಡ್ಕೊಳ್ಳಿ. ಕನ್ನಡದ ಅಂಕಿಗಳನ್ನ ತುಂಡು ತುಂಡು ರೆಕಾರ್ಡ್ ಮಾಡಿ ಜೋಡಿಸೋಕೆ ಆಗಲ್ಲ. ನೂರು ಅಂತ ಒಂದು ತುಂಡು, ಇಪ್ಪತ್ತೈದು ಅಂತ ಒಂದು ತುಂಡು ಇಟ್ಕೊಂಡ್ರೆ ನೂರು ಇಪ್ಪತ್ತೈದು ಆಗತ್ತೆ, ನಾವು ಹೇಳೋದು ನೂರಾ ಇಪ್ಪತ್ತೈದು. ಎರಡು ಪಕ್ಕ ನೂರು ಇಟ್ರೆ ಎರಡು ನೂರು, ನಾವು ಹೇಳೋದು ಇನ್ನೂರು. ಮೂರು ಮುನ್ನೂರಾಗತ್ತೆ, ಐದು ಐನೂರಾಗತ್ತೆ, ಒಂಬತ್ತು ಒಂಬೈನೂರಾಗತ್ತೆ. ಅತ್ತೆ ಡಬ್ಬಿ ಶುರುನಲ್ಲಿ "ಎರಡು ನೂರು ಐವತ್ತು" ಅಂತಿತ್ತು. ಅರ್ಥ ಆಗಲ್ಲ ಅಂತಲ್ಲ, ಆದ್ರೆ ಮೊದ್ಲು "ಎರಡು" ಅಂತ ಕಿವಿಗೆ ಬಿದ್ದ ತಕ್ಷಣ ತಲೆ ಎರಡು ರೂಪಾಯಿ ಅಂತ ಹಿಡ್ಕೊಳತ್ತೆ, ಆಮೇಲೆ ತಿದ್ಕೋಬೇಕು. ಇನ್ನೂರೈವತ್ತು ಅಂದ್ರೆ ಒಂದೇ ಏಟಿಗೆ ಒಳಗೆ ಹೋಗತ್ತೆ. ನಡುವೆ ಯಾವಾಗ್ಲೋ ಒಂದಿನ ಅದು ತಾನಾಗೇ ಸರಿ ಹೋಯ್ತು, ಅಪ್‌ಡೇಟ್ ಬಂದಿರ್ಬೇಕು, ಯಾರೋ ಒಬ್ಬ ಕನ್ನಡದ ಮನುಷ್ಯ ಆಫೀಸಲ್ಲಿ ಕೂತು ಜಗಳ ಆಡಿರ್ತಾನೆ ಅಂತ ನನ್ನ ನಂಬಿಕೆ. ಅವನಿಗೆ ಇಲ್ಲಿಂದಲೇ ಒಂದು ನಮಸ್ಕಾರ.

ಸರಿ ಹೋಗದೇ ಇರೋದು ಇಪ್ಪತ್ತು ಎಪ್ಪತ್ತರ ಗಲಾಟೆ. ಜೋರಾಗಿ ಒಂದ್ಸಲ ಹೇಳಿ ನೋಡಿ, ಇಪ್ಪತ್ತು, ಎಪ್ಪತ್ತು. ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು ಗೇರ್ ಹಾಕ್ತಿದೆ ಅಂತ ಇಟ್ಕೊಳ್ಳಿ, ಎದುರುಗಡೆ ಟೆಂಪೋದವನು ಹಾರನ್ ಹೊಡೀತಿದಾನೆ. ಮೊದಲನೇ ಅಕ್ಷರ ನುಂಗಿಹೋಗತ್ತೆ, ಉಳಿಯೋದು "...ಪ್ಪತ್ತು". ಹಂಗೇ ಎಂಬತ್ತು, ತೊಂಬತ್ತು. ಅತ್ತೆಗೆ ಎರಡು ಸಲ ಹೀಗಾಗಿದೆ, 70 ಕೊಡ್ಬೇಕಾದವ್ರು 20 ಹಾಕಿ ಹೋಗಿದಾರೆ, ಬೇಕಂತ ಮಾಡಿದ್ರೋ ಬೆರಳು ಜಾರಿತೋ ದೇವರಿಗೇ ಗೊತ್ತು. ಇದಕ್ಕೆ ಪರಿಹಾರ ಕಷ್ಟ ಏನಿಲ್ಲ. ಬಸ್ ಕಂಡಕ್ಟರ್ ಏನ್ ಮಾಡ್ತಾರೆ ನೆನಪಿಸ್ಕೊಳ್ಳಿ, ಅನುಮಾನ ಬಂದ್ರೆ "ಏಳು ಸೊನ್ನೆ ಎಪ್ಪತ್ತು" ಅಂತಾರೆ. ಚೀಟಿ ವ್ಯವಹಾರ ನಡೆಸೋರೂ ಹಂಗೇ ಬಿಡಿಸಿ ಹೇಳ್ತಾರೆ. ಡಬ್ಬಿ ಕೂಡ ಹಾಗೆ ಒಂದ್ಸಲ ಬಿಡಿಸಿ ಹೇಳಿದ್ರೆ ಮುಗೀತು. ಇದನ್ನ ಕಂಡುಹಿಡಿಯೋಕೆ ಲ್ಯಾಬ್ ಬೇಡ, ಬಸ್‌ಸ್ಟ್ಯಾಂಡಲ್ಲಿ ಒಂದು ಸಂಜೆ ಸಾಕು.

ದನಿ ವಿಷಯಕ್ಕೆ ಒಂದು ಮಾತು. 2024ರಲ್ಲಿ ಫೋನ್‌ಪೇ ಸ್ಪೀಕರ್‌ಗೆ ಕಿಚ್ಚ ಸುದೀಪ್ ದನಿ ಬಂತಲ್ಲ, ಅತ್ತೆಗೆ ಖುಷಿಯಾಗತ್ತೆ ಅಂತ ವಿಡಿಯೋ ತೋರ್ಸಿದೆ. ಅವ್ರು "ದನಿ ಚೆನ್ನಾಗೈತೆ, ಗಿರಾಕಿಗಳು ದನಿ ಕೇಳ್ಕೊಂಡು ಇಲ್ಲೇ ನಿಂತ್ಕೊಂಡ್ರೆ ಹಿಂದಿನೋರಿಗೆ ಜಾಗ ಎಲ್ಲೈತೆ" ಅಂದ್ರು. ನಾನಂತೂ ಸುದೀಪ್ ಪಾರ್ಟಿನೇ.

ಮಳೆಗಾಲ. ಡಬ್ಬಿಗೆ ನೀರಾಗಲ್ಲ, ಹೂವಿಗೆ ನೀರು ಬೇಕು, ಇಬ್ಬರೂ ಒಂದೇ ಗಾಡಿ ಮೇಲಿರ್ಬೇಕು. ಅತ್ತೆ ಅದನ್ನ ಹಾಲಿನ ಪ್ಯಾಕೆಟ್ಟಿನ ಕವರಲ್ಲಿ ಹಾಕಿ, ಸ್ಪೀಕರ್ ಕಡೆ ಊದುಬತ್ತಿಲಿ ಸುಟ್ಟು ಏಳೆಂಟು ತೂತು ಮಾಡಿ, ಹೂವು ಕಟ್ಟೋ ದಾರದಲ್ಲಿ ಟಾರ್ಪಾಲಿನ ಗಳಕ್ಕೆ ನೇತಾಕಿದಾರೆ. ಮೇಲೆ ನೇತಾಕಿದ್ರೆ ಸಿಗ್ನಲ್ಲೂ ಚೆನ್ನಾಗ್ ಸಿಗತ್ತೆ ಅಂತ ಅವರೇ ಕಂಡ್ಕೊಂಡಿದ್ದು. ನಾನು ಅದರ ಫೋಟೋ ತೆಗೆದು ಆಫೀಸ್ ಗ್ರೂಪಲ್ಲಿ ಹಾಕಿದ್ರೆ ನಮ್ಮ ಹಿರಿಯರೊಬ್ರು "ಬ್ಯೂಟಿಫುಲ್ ಪ್ರೋಟೋಟೈಪ್" ಅಂದ್ರು. ಅಲ್ಲಾ ಸ್ವಾಮಿ, ಡಬ್ಬಿ ಹಿಂದೆ ದಾರ ಕಟ್ಟೋಕೆ ಒಂದು ಕಿವಿ ಕೊಟ್ಟಿದ್ರೆ ಈ ಬ್ಯೂಟಿ ಯಾಕೆ ಬೇಕಿತ್ತು? ರಸ್ತೆಬದಿ ವ್ಯಾಪಾರಕ್ಕೆ ಅಂತ ಮಾಡಿರೋ ವಸ್ತು ಮೇಜಿನ ಮೇಲೆ ಚೆಂದ ಕೂರೋ ಆಕಾರದಲ್ಲಿದೆ, ಮೇಜೇ ಇಲ್ವಲ್ಲ ಇಲ್ಲಿ.

ಸಿಗ್ನಲ್ ಹೋಗಿ ಬಂದಾಗ ಇನ್ನೊಂದು ಆಟ. ಮಧ್ಯಾಹ್ನ ಕೂಗದೇ ಉಳಿದಿದ್ದ ನಾಲ್ಕು ಪೇಮೆಂಟನ್ನ ಸಂಜೆ ಒಟ್ಟಿಗೆ ಉಗುಳತ್ತೆ. ಎದುರಿಗೆ ಯಾರೂ ಇಲ್ಲ, ಡಬ್ಬಿ ಒಂದೇ ಸಮ ಸ್ವೀಕರಿಸ್ತಾ ಇದೆ. ಒಂದ್ಸಲ ಅದೇ ಹೊತ್ತಿಗೆ ಒಬ್ಬ ಸ್ಕ್ಯಾನ್ ಮಾಡ್ತಿದ್ದ, ಅವನ ದುಡ್ಡು ಫೇಲ್ ಆಗಿತ್ತು, ಡಬ್ಬಿ ಮಧ್ಯಾಹ್ನದ 40 ರೂಪಾಯಿ ಕೂಗ್ತು, ಇಬ್ಬರೂ ಅವನದ್ದೇ ಅಂತ ಅಂದ್ಕೊಂಡ್ರು. "ಹಳೇದು" ಅಂತ ಒಂದು ಪದ ಮುಂದೆ ಸೇರಿಸಿದ್ರೆ ಆಗಿಹೋಗ್ತಿತ್ತು.

ನಂಗೆ ಅತೀ ಸಿಟ್ಟು ಬರ್ಸಿದ್ದು ಬಾಡಿಗೆ ವಿಷಯ. ತಿಂಗ್ಳಿಗೆ 100 ಚಿಲ್ರೆ ರೂಪಾಯಿ ಬಾಡಿಗೆ, ಅದು ಜಮಾ ಆಗೋ ದುಡ್ಡಲ್ಲೇ ಮುರ್ಕೊಳತ್ತೆ. ಮುರ್ಕೊಳ್ಳಿ, ಬೇಡ ಅಂದವರ್ಯಾರು. ಆದ್ರೆ 10 ರೂಪಾಯಿ ಬಾಳೆಹಣ್ಣಿನ ದುಡ್ಡು ಬಂದ್ರೂ ಬೀದಿಗೆ ಕೇಳೋ ಹಾಗೆ ಕೂಗೋ ಡಬ್ಬಿ ತನ್ನ ಬಾಡಿಗೆ ಕಿತ್ಕೊಳೋವಾಗ ಮಾತ್ರ ಮೂಗ. ಎರಡು ತಿಂಗ್ಳು ಅತ್ತೆ ಲೆಕ್ಕ ತಾಳೆ ಆಗ್ತಿಲ್ಲ ಅಂತ ಸೊಸೆ ಮೇಲೆ ಗೊಣಗಿದಾರೆ ಪಾಪ. ಕೂಗೋ ಬಾಯಿ ಇದೆ ಅಂದ್ಮೇಲೆ ಅದನ್ನೂ ಕೂಗ್ಬೇಕು.

ಗುಟ್ಟಿನ ವಿಷಯನೂ ಇದೆ. ಅತ್ತೆ ಬೆಳಗ್ಗೆ ಹೂವು ತರೋಕೆ ಒಬ್ಬರ ಹತ್ರ ದಿನದ ಬಡ್ಡಿ ಲೆಕ್ಕದಲ್ಲಿ ದುಡ್ಡು ತಗೋತಾರೆ, ಸಂಜೆ ಅವ್ರ ಕಡೆ ಹುಡ್ಗ ಕಲೆಕ್ಷನ್ನಿಗೆ ಬರ್ತಾನೆ. ವ್ಯಾಪಾರ ಡಲ್ಲು ಕಣಪ್ಪ ನಾಳೆ ಕೊಡ್ತೀನಿ ಅಂತ ಹೇಳ್ತಾ ಇರೋವಾಗ್ಲೇ ಡಬ್ಬಿ "ಮುನ್ನೂರೈವತ್ತು ರೂಪಾಯಿ" ಅಂತು. ಆ ಹುಡ್ಗ ನಕ್ಕ, ಅತ್ತೆ ನಗ್ಲಿಲ್ಲ. ಅವತ್ತಿಂದ ಐದು ಗಂಟೆಗೆ ವಾಲ್ಯೂಮ್ ಬಟನ್ ಒತ್ತಿ ಒತ್ತಿ ಕಮ್ಮಿ ಮಾಡ್ತಾರೆ, ಅವನು ಹೋದ್ಮೇಲೆ ಮತ್ತೆ ಜಾಸ್ತಿ. ದುಡ್ಡಿನ ಸದ್ದು ಎಲ್ಲರಿಗೂ ಕೇಳ್ಬಾರ್ದು, ದೃಷ್ಟಿ ಆಗತ್ತೆ ಅನ್ನೋದು ಬೇರೆ. ನೀವು ನಗ್ಬೋದು, ಆದ್ರೆ ಬರೀ ಟಿಂಗ್ ಅನ್ನೋ, ಮೊತ್ತ ಹೇಳದೇ ಇರೋ ಒಂದು ಬಟನ್ ಕೊಟ್ರೆ ಅತ್ತೆ ಅದಕ್ಕೆ ದುಡ್ಡು ಕೊಟ್ಟಾದ್ರೂ ತಗೋತಾರೆ.

ಆಮೇಲೆ 2025ರ ಜುಲೈ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸ್ತಲ್ಲ, ಬೆಂಗ್ಳೂರಲ್ಲಿ ಬೇಕರಿ, ಕಾಂಡಿಮೆಂಟ್ಸ್ ಮುಂದೆಲ್ಲ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡು ಬಿತ್ತು. ಅತ್ತೆಗೆ ನೋಟಿಸೂ ಬಂದಿಲ್ಲ ಏನೂ ಇಲ್ಲ, ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ ದಾಟಿದ್ರೆ ರಿಜಿಸ್ಟ್ರೇಷನ್ನು, ಅವರದ್ದು ಅದರ ಹತ್ರ ಸುಳಿಯಲ್ಲ, ತಾಜಾ ಹೂವು ತೆಂಗಿನಕಾಯಿಗೆ ಟ್ಯಾಕ್ಸೂ ಇಲ್ಲ. ಆದ್ರೂ ಟಿವಿ ನೋಡಿ ಹೆದರಿ ಡಬ್ಬಿನ ಬಿಚ್ಚಿ ಅಕ್ಕಿ ಡಬ್ಬದ ಹಿಂದೆ ಇಟ್ರು. ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದ್ಮೇಲೂ ಒಂದು ವಾರ ಬಿಟ್ಟು ಹೊರಗೆ ತಂದ್ರು. ಆ ದಿನಗಳಲ್ಲಿ ಆಪ್ ಒಳಗೆ ಆಫರ್ರು, ಸಾಲ ಬೇಕಾ ಅನ್ನೋ ಜಾಹೀರಾತು ಎಲ್ಲ ಬರ್ತಿತ್ತು, "ನಿಮ್ಮ ಈ ವರ್ಷದ ಒಟ್ಟು ಇಷ್ಟು, 40 ಲಕ್ಷಕ್ಕೆ ಇನ್ನೂ ಇಷ್ಟು ದೂರ" ಅಂತ ಕನ್ನಡದಲ್ಲಿ ಒಂದು ಸಾಲು ಬರ್ಲಿಲ್ಲ. ಲೆಕ್ಕ ಎಲ್ಲ ಅವರ ಹತ್ರನೇ ಇತ್ತು.

ಜನ ಹೇಗೆ ಬದುಕ್ತಾರೆ ಅಂತ ನೋಡಿ ಮಾಡಿದ ಹಳೇ ಉದಾಹರಣೆನೂ ಒಂದಿದೆ, ಪಿಗ್ಮಿ, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟೋ ಉಳಿತಾಯ, ನಮ್ಮೂರ ಕಡೆ ಎಲ್ಲರಿಗೂ ಗೊತ್ತು. ಅದನ್ನ ಶುರು ಮಾಡಿದ್ದು ಉಡುಪಿಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು, 1928ರಲ್ಲಿ. ದಿನಕ್ಕೆ 2 ಆಣೆ, ಏಜೆಂಟೇ ಬಾಗಿಲಿಗೆ ಬಂದು ಇಸ್ಕೊಂಡು ಹೋಗೋದು. ದಿನಗೂಲಿಯವರ ಹತ್ರ ತಿಂಗಳ ಕೊನೆಗೆ ದುಡ್ಡು ಇರಲ್ಲ, ಸಂಜೆ ಇರತ್ತೆ, ಬ್ಯಾಂಕಿಗೆ ಬರೋಕೆ ಅವರಿಗೆ ಪುರುಸೊತ್ತಿಲ್ಲ, ಸಂಕೋಚ ಬೇರೆ, ಅದಕ್ಕೆ ನಾವೇ ಹೋಗೋಣ ಅಂತ. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಲ್ಲಿ ವಿಲೀನ ಆಯ್ತು, ಪಿಗ್ಮಿ ಅನ್ನೋ ಪದ ಮಾತ್ರ ಇನ್ನೂ ಓಡಾಡ್ತಿದೆ. ಅತ್ತೆಗೂ ಒಬ್ರು ಪಿಗ್ಮಿಯವ್ರು ಬರ್ತಾರೆ, ನಮ್ಮೂರಿನ ಒಂದು ಸೊಸೈಟಿಯವ್ರು. ಅವರು ಯಾವಾಗ ಬರ್ತಾರೆ ಗೊತ್ತಾ, ಬಡ್ಡಿ ಹುಡ್ಗ ಬರೋಕೆ ಅರ್ಧ ಗಂಟೆ ಮುಂಚೆ! ಅವನು ಬಂದ್ರೆ ಉಳಿತಾಯಕ್ಕೆ ಏನೂ ಉಳಿಯಲ್ಲ ಅಂತ ಅವರಿಗೆ ಗೊತ್ತು. ಈ ಅರ್ಧ ಗಂಟೆ ಲೆಕ್ಕ ನಮ್ಮ ಯಾವ ಗಾಜಿನ ಗೋಡೆ ಮೇಲೂ ಬಂದಿರ್ಲಿಲ್ಲ, ಡಬ್ಬಿ ಮಾಡಿದವರಿಗೂ ಹೊಳೆದಿಲ್ಲ. ಕೈ ಒದ್ದೆ ಇರೋದನ್ನ ನೋಡಿದಾರೆ, ಸಂಜೆ ಐದು ಗಂಟೆಗೆ ಗಾಡಿ ಹತ್ರ ಏನ್ ನಡೆಯತ್ತೆ ಅಂತ ನೋಡೋಕೆ ಅಲ್ಲೀವರೆಗೂ ನಿಂತಿಲ್ಲ.

ಸ್ಟಾರ್ ಕೊಡ್ಬೇಕಂದ್ರೆ 5ಕ್ಕೆ ಮೂರೂವರೆ ಕೊಡ್ತೀನಿ. ಬ್ಯಾಟರಿ ಪರವಾಗಿಲ್ಲ, ಎರಡ್ಮೂರು ದಿನ ಬರತ್ತೆ, ರಾತ್ರಿ ಮನೇಲಿ ಚಾರ್ಜಿಗೆ ಹಾಕಿದ್ರೆ ಆಯ್ತು. ಅತ್ತೆನ ಕೇಳಿದ್ರೆ ಅವರು 5ಕ್ಕೆ 5 ಕೊಡ್ತಾರೆ, ಡಬ್ಬಿ ಬಂದ್ಮೇಲೆ ಹಾರ ಒಂದೂ ಹೋಗಿಲ್ಲ ಅನ್ನೋದು ಅವರ ವಾದ.

ತಗೊಳೋ ಯೋಚನೆ ಇರೋರಿಗೆ: ತಂದುಕೊಡೋ ಹುಡ್ಗ ಗಾಡಿ ಹತ್ತೋಕೆ ಮುಂಚೆ ಭಾಷೆ ಬದಲಾಯಿಸ್ಕೊಳ್ಳಿ, ಬಾಡಿಗೆ ಯಾವ ತಾರೀಕು ಮುರಿತೀರಾ ಅಂತ ಚೀಟಿಲಿ ಬರೆಸ್ಕೊಳ್ಳಿ, 70 ರೂಪಾಯಿ ಹಾಕ್ಸಿ ಬೀದಿ ಗಲಾಟೆಲಿ ಕೇಳ್ಸತ್ತಾ ನೋಡಿ. ಹಿಂದಿನ ಪೇಮೆಂಟ್ ಇನ್ನೊಂದ್ಸಲ ಹೇಳ್ಸೋ ಬಟನ್ ಇರತ್ತೆ, ಅದು ಯಾವುದು ಅಂತ ಆಗ್ಲೇ ಕೇಳಿ ಅದರ ಮೇಲೆ ಒಂದು ಚೂರು ಕುಂಕುಮ ಹಚ್ಕೊಳ್ಳಿ, ಅತ್ತೆ ಹಂಗೇ ಮಾಡಿರೋದು.